ಇಳಿಯೋ ಹಂಗಿಲ್ಲ

"ಒಳಗೆ ಹೋದ್ಮೇಲೆ ಯಾರೂ ಗಾಡಿಯಿಂದ ಇಳಿಯೋ ಹಂಗಿಲ್ಲ. ಮೊಬೈಲ್ ಬಿದ್ರೂ ಇಳಿಯೋ ಹಂಗಿಲ್ಲ, ಟೋಪಿ ಬಿದ್ರೂ ಇಳಿಯೋ ಹಂಗಿಲ್ಲ. ಗೊತ್ತಾಯ್ತಲ್ಲ ಸಾ?"

ನಾಗರಹೊಳೆ ಕಾಡಿನ ಕಬಿನಿ ಕಡೆಯ ದಮ್ಮನಕಟ್ಟೆ ಸಫಾರಿ ಗೇಟಿನಲ್ಲಿ ಜೀಪಿನ ಡ್ರೈವರ್ ಹುಡುಗ ಎಲ್ಲರ ಮುಖ ನೋಡುತ್ತಾ ಇಷ್ಟು ಹೇಳಿದ. ನನ್ನ ಕಾಲಿನ ಹತ್ತಿರ ಬಂದಾಗ ಅವನ ಕಣ್ಣು ಒಂದು ಗಳಿಗೆ ನಿಂತು, ನಿಂತದ್ದಕ್ಕೆ ತಾನೇ ನಾಚಿಕೊಂಡು ಪಕ್ಕಕ್ಕೆ ಸರಿಯಿತು. "ನನ್ನ ಚಿಂತೆ ಬಿಡಪ್ಪ, ನಾನಂತೂ ಇಳಿಯಲ್ಲ" ಅಂದೆ. ಹಿಂದಿನ ಸೀಟಿನಲ್ಲಿದ್ದ ಹೈದರಾಬಾದಿನ ಸಂಸಾರಕ್ಕೆ ಕನ್ನಡ ಬರುತ್ತಿರಲಿಲ್ಲ, ಆದರೂ ಅವರೂ ನಕ್ಕರು.

ಕಾಡುಪ್ರಾಣಿಗಳ ಫೋಟೋ ತೆಗೆಯುವುದು ನನ್ನ ಹವ್ಯಾಸ, ಸಫಾರಿಯ ಈ ನಿಯಮ ನನಗೆ ತುಂಬಾ ಇಷ್ಟ. ಲಾಲ್‌ಬಾಗಿಗೆ ಹೋದರೆ ಎಲ್ಲರೂ ನಡೆಯುತ್ತಾರೆ, ನಾನು ಬೆಂಚು ಹುಡುಕುತ್ತೇನೆ. ಮದುವೆಗೆ ಹೋದರೆ ಎಲ್ಲರೂ ಛತ್ರದ ಮೆಟ್ಟಿಲಿಳಿದು ಊಟದ ಹಾಲಿಗೆ ಹೋಗುತ್ತಾರೆ, ನನಗೆ ಯಾರಾದರೂ ಎಲೆ ಮೇಲಕ್ಕೇ ತಂದುಕೊಡುತ್ತಾರೆ. ಸಾರು ಬಂದರೆ ಪಲ್ಯ ಬರುವುದಿಲ್ಲ, ಪಲ್ಯ ಬಂದರೆ ತಂದವರು ಮತ್ತೆ ಬರುವುದಿಲ್ಲ. ಆದರೆ ನ್ಯಾಷನಲ್ ಪಾರ್ಕಿನ ಒಳಗೆ ಮ್ಯಾರಥಾನ್ ಓಡುವವನೂ ಒಂದೇ, ನಾನೂ ಒಂದೇ. ಮೂರು ಗಂಟೆ ಎಲ್ಲರೂ ಕೂತಲ್ಲೇ ಕೂತಿರಬೇಕು. ಕೂರುವ ವಿದ್ಯೆಯಲ್ಲಿ ನನಗೆ ಐವತ್ತು ವರ್ಷದ ಸರ್ವೀಸಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಹುಟ್ಟಿದ್ದು 1968ರಲ್ಲಿ, ಒಂದೂವರೆ ವರ್ಷಕ್ಕೆ ಪೋಲಿಯೊ ಬಂತು, ಎಡಗಾಲು ಹೋಯಿತು. ತೊಡೆಯಿಂದ ಬೂಟಿನವರೆಗೆ ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆಯಾಗಿ ಕಟ್ಟುವ ಉಕ್ಕಿನ ಪಟ್ಟಿಗಳು. ಕೆಲಸ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವುದು, ಮನೆ ಹನುಮಂತನಗರ. ಎರಡರ ನಡುವೆ ಓಡಾಡಲು ಹಿಂದೆ ಎರಡು ಪುಟ್ಟ ಚಕ್ರ ಸೇರಿಸಿದ ಸ್ಕೂಟರ್. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ, ಕೊನೆಯ ಪ್ರಕರಣ ಸಿಕ್ಕಿದ್ದು 2011ರ ಜನವರಿಯಲ್ಲಿ, ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂದದ್ದು 2014ರ ಮಾರ್ಚ್‌ನಲ್ಲಿ. ಅಂದರೆ ನಮ್ಮಂಥವರು ಹೊಸದಾಗಿ ಹುಟ್ಟುತ್ತಿಲ್ಲ. ಅಳಿವಿನ ಅಂಚಿನಲ್ಲಿರುವ ತಳಿ. ಯಾರೂ ಉಳಿಸಬಾರದ, ಅಳಿದರೇ ಒಳ್ಳೆಯದು ಅನ್ನಿಸುವ ಒಂದೇ ತಳಿ.

ನಲವತ್ತೆಂಟು ದಾಟುವವರೆಗೆ ಒಂದೇ ಊರುಗೋಲು ಸಾಕಾಗಿತ್ತು. ಆಮೇಲೆ ಚೆನ್ನಾಗಿದ್ದ ಬಲಗಾಲೂ ಸಂಜೆ ಹೊತ್ತಿಗೆ ಸೋಲಲು ಶುರು ಮಾಡಿತು. ಚಿಕ್ಕಂದಿನಲ್ಲಿ ಸತ್ತ ನರಗಳ ಕೆಲಸವನ್ನು ಪಕ್ಕದ ನರಗಳು ವಹಿಸಿಕೊಂಡಿರುತ್ತವಂತೆ, ನಲವತ್ತು ವರ್ಷ ಜೋಡಿ ಪಾಳಿ ಮಾಡಿ ಅವೂ ಈಗ ದಣಿದಿವೆ ಅಂತ ಡಾಕ್ಟರು ವಿವರಿಸಿದರು. ಹೆಚ್ಚು ವ್ಯಾಯಾಮ ಮಾಡಿ ಸರಿಪಡಿಸುವ ಹಾಗೂ ಇಲ್ಲ, ಇರುವುದನ್ನು ಕೈಹಿಡಿದು ಖರ್ಚು ಮಾಡಬೇಕು. ಈಗ ಎರಡೂ ಕೈಗೆ ಊರುಗೋಲು. ಭುಜ ಎರಡೂ ಸವೆದಿವೆ. ಫೋಟೋ ತೆಗೆಯುವವನಿಗೆ ಕಾಲಿಗಿಂತ ಭುಜ ಮುಖ್ಯ, ಆ ಸಂಗತಿ ನನಗೆ ತಡವಾಗಿ ಗೊತ್ತಾಯಿತು.

ಮೊದಲು ನನ್ನ ಹತ್ತಿರ ಇದ್ದದ್ದು ಸಿಗ್ಮಾ 150-600 ಜೂಮ್ ಲೆನ್ಸು (ಈ ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ), ತೂಕ 1,930 ಗ್ರಾಂ. ಕ್ಯಾಮೆರಾ ಸೇರಿದರೆ ಹತ್ತಿರ ಹತ್ತಿರ ಮೂರು ಕೆಜಿ, ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಅದನ್ನು ಎತ್ತುವುದೆಂದರೆ ಒಂದು ಕೈಲಿ ಮಗು ಇನ್ನೊಂದು ಕೈಲಿ ಕೊಡ. ಅದನ್ನು ಮಾರಿದ ದಿನ ಸ್ವಲ್ಪ ಅಳು ಬಂತು, ಸುಳ್ಳು ಹೇಳುವುದಿಲ್ಲ. ಈಗ ಇರುವುದು ಕ್ಯಾನನ್ ಆರ್10, ಜೊತೆಗೆ ಅದೇ ಕಂಪನಿಯ 100-400ರ ಹಗುರ ಲೆನ್ಸು. ಲೆನ್ಸು 635 ಗ್ರಾಂ, ಕ್ಯಾಮೆರಾ 429. ಎರಡೂ ಸೇರಿ ಒಂದು ಕೆಜಿಯ ಸಕ್ಕರೆ ಪೊಟ್ಟಣಕ್ಕಿಂತ ಚೂರು ಜಾಸ್ತಿ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದಾದ್ದರಿಂದ 400 ಅನ್ನುವುದು 640ರ ಹಾಗೆ ಹತ್ತಿರ ತೋರಿಸುತ್ತದೆ. ಹಗುರಕ್ಕೆ ತೆತ್ತ ಬೆಲೆ ಬೆಳಕು. ಪೂರ್ತಿ ಜೂಮ್ ಮಾಡಿದಾಗ ಲೆನ್ಸು ಎಫ್ 8ಕ್ಕಿಂತ ಹೆಚ್ಚು ಬಾಯಿ ತೆರೆಯುವುದಿಲ್ಲ (ಎಫ್ ಅಂಕಿ ದೊಡ್ಡದಾದಷ್ಟು ಬಾಯಿ ಚಿಕ್ಕದು). ಕಾಡಿನಲ್ಲಿ ಪ್ರಾಣಿಗಳು ಹೊರಬರುವುದೇ ಬೆಳಕು ಕಡಿಮೆಯಿದ್ದಾಗ. ಇದರ ಕಥೆ ಮುಂದೆ ಬರುತ್ತದೆ.

ಅಭ್ಯಾಸ ಶುರುವಾದದ್ದು ಬನ್ನೇರುಘಟ್ಟದಲ್ಲಿ. ಸ್ಕೂಟರಿನಲ್ಲಿ ಹೋಗಬಹುದಾದ ನ್ಯಾಷನಲ್ ಪಾರ್ಕ್ ಅದೊಂದೇ. ಎಷ್ಟು ಊರಿನವರಿಗೆ ಈ ಭಾಗ್ಯ ಇದೆ ಹೇಳಿ, ಮನೆಯಿಂದ ಕಾಫಿ ಕುಡಿದು ಹೊರಟರೆ ಅದು ಅರಗುವಷ್ಟರಲ್ಲಿ ಆನೆ ಇರುವ ಕಾಡು. ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾದದ್ದು 1974ರಲ್ಲಿ. ನಾವು ಟಿಕೆಟ್ ತಗೊಂಡು ನೋಡುವ ಮೃಗಾಲಯ, ಸಫಾರಿ ಎಲ್ಲ 2002ರಲ್ಲಿ ಜೈವಿಕ ಉದ್ಯಾನ ಅಂತ ಬೇರೆಯಾಯಿತು. ಅದರ ಬೇಲಿಯಾಚೆ ಕಾವೇರಿ ಕಡೆಗೆ ಚಾಚಿಕೊಂಡಿರುವ ನಿಜವಾದ ಕಾಡಿಗೆ ನಮಗೆ ಪ್ರವೇಶವಿಲ್ಲ, ಇರಬಾರದು ಕೂಡ. ಮಂಗಳವಾರ ರಜೆ. ಮೊದಲ ಸಲ ನಾನು ಹೋದದ್ದೇ ಮಂಗಳವಾರ.

ಅಲ್ಲಿ ನನ್ನಂಥವನಿಗೆ ಹೇಳಿಮಾಡಿಸಿದ ಜಾಗ ಚಿಟ್ಟೆ ಪಾರ್ಕು. 2006ರಲ್ಲಿ ಆದದ್ದು, ದೇಶದಲ್ಲೇ ಮೊದಲನೆಯದು. ಗುಮ್ಮಟದ ಒಳಗೆ ಒಂದು ಕಡೆ ಸುಮ್ಮನೆ ಕೂತರೆ ಚಿಟ್ಟೆಗಳೇ ಸುತ್ತು ಹೊಡೆದು ಬರುತ್ತವೆ. ಒಂದು ಹೂವನ್ನು ಗೊತ್ತು ಮಾಡಿಕೊಂಡು, ಅದಕ್ಕೆ ಫೋಕಸ್ ಇಟ್ಟು ಕಾಯುವುದು. ಎಳೆಯರು ಕ್ಯಾಮೆರಾ ಹಿಡಿದು ಚಿಟ್ಟೆಯ ಹಿಂದೆ ಓಡುತ್ತಾರೆ, ಚಿಟ್ಟೆ ನನ್ನ ಹೂವಿಗೆ ಬರುತ್ತದೆ. (ಯಾವಾಗಲೂ ಅಲ್ಲ. ಹತ್ತಕ್ಕೆ ಎರಡು ಸಲ.)

ಸಫಾರಿ ಬಸ್ಸಿನ ಕಿಟಕಿಗೆ ಜಾಲರಿ ಇರುತ್ತದೆ. ಜಾಲರಿ ಬಂತೆಂದರೆ ಫೋಟೋ ಹೋಯಿತು ಅಂದುಕೊಳ್ಳುವವರೇ ಹೆಚ್ಚು. ಹಾಗೇನಿಲ್ಲ. ಬಿಸಿಲು ತಡೆಯಲು ಲೆನ್ಸಿನ ಮುಂದೆ ಹಾಕುವ ಹುಡ್ ತೆಗೆದು, ಲೆನ್ಸನ್ನು ಜಾಲರಿಗೆ ತಾಗುವಷ್ಟು ಹತ್ತಿರ ತಂದು, ಅಪರ್ಚರ್ ಅಂದರೆ ಲೆನ್ಸಿನ ಬಾಯಿ ಪೂರ್ತಿ ತೆರೆದು, ಆದಷ್ಟು ಜೂಮ್ ಮಾಡಬೇಕು. ಪ್ರಾಣಿ ದೂರದಲ್ಲಿದ್ದರೆ ತಂತಿ ಕರಗಿ ಹೋಗುತ್ತದೆ. ಆದರೆ ಜಾಲರಿಯ ಮೇಲೆ ಬಿಸಿಲು ಬಿದ್ದಿರಬಾರದು, ಬಿದ್ದರೆ ಚಿತ್ರದ ಮೇಲೆ ತೆಳ್ಳನೆ ಹಾಲು ಚೆಲ್ಲಿದ ಹಾಗೆ ಆಗುತ್ತದೆ. ಹಾಗಾಗಿ ಬೆಳಿಗ್ಗೆ ಹೋದರೆ ಬಸ್ಸಿನಲ್ಲಿ ಯಾವ ಕಡೆ ನೆರಳು ಅಂತ ನೋಡಿ ಕೂರಬೇಕು. ಇದನ್ನು ಯಾರೂ ಹೇಳಿಕೊಡಲಿಲ್ಲ. ಎರಡು ನೂರು ಹಾಳು ಚಿತ್ರಗಳು ಹೇಳಿಕೊಟ್ಟವು.

ಅಂಥ ಒಂದು ದಿನ ಸಿಕ್ಕಿದ್ದು ಕರಡಿ. ಕರಡು ತಿದ್ದುವವನಿಗೆ ಕರಡಿ ಅಂತ ಪ್ರೆಸ್ಸಿನಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಬಸ್ಸಿನಿಂದ ಇಪ್ಪತ್ತು ಅಡಿ ದೂರದಲ್ಲಿ ಮಣ್ಣು ಕೆದರುತ್ತಾ ನಿಂತಿತ್ತು. ಆಗ ಒಂದಷ್ಟು ತೆಗೆದೆ, ಅಷ್ಟೇ. ರಾತ್ರಿ ಮನೆಯಲ್ಲಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತೇನೆ, ಮೂತಿಯ ಮೇಲ್ಭಾಗದಲ್ಲಿ ರೋಮವಿಲ್ಲದ ಒಂದು ಗುರುತು. ನಾಣ್ಯದಷ್ಟು ಅಗಲ, ಅಂಚು ಸುಟ್ಟ ಹಾಗೆ ಗಡುಸು. ಹಗ್ಗ ಹಾಯಿಸಿದ ಗುರುತೇ ಇರಬೇಕು. ಕುಣಿಸುವವರ ಕೈಯಿಂದ ಬಿಡಿಸಿ ತಂದ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ 2005ರಿಂದ ಒಂದು ಆಶ್ರಯ ಇದೆ.

ನನಗೆ ಕುರ್ಚಿಯಿಂದ ಏಳಲಾಗಲಿಲ್ಲ. ಕಾಲಿನ ಕಾರಣಕ್ಕಲ್ಲ.

ನನಗೆ ಆಗ ಐದು ವರ್ಷ. ನಮ್ಮ ಬೀದಿಗೆ ಕರಡಿಯವನು ಬರುತ್ತಿದ್ದ. ಡಮರುಗದ ಸದ್ದು ರಾಮಾಂಜನೇಯ ಗುಡ್ಡದ ಕಡೆಯಿಂದ ಕೇಳಿದರೆ ಮಕ್ಕಳೆಲ್ಲಾ ಓಡುತ್ತಿದ್ದರು. ಕರಡಿಯ ಮೇಲೆ ಕೂರಿಸಿದರೆ ಮಕ್ಕಳ ಹೆದರಿಕೆ ಹೋಗುತ್ತದೆ, ಅದರ ಕೂದಲು ತಾಯಿತದಲ್ಲಿಟ್ಟು ಕಟ್ಟಿದರೆ ದೋಷ ಹೋಗುತ್ತದೆ ಅಂತ ನಂಬಿಕೆ. ಅಮ್ಮ ಆ ಹೊತ್ತಿಗೆ ಎಲ್ಲ ಡಾಕ್ಟರನ್ನೂ ಎಲ್ಲ ದೇವರನ್ನೂ ನೋಡಿ ಮುಗಿಸಿದ್ದಳು. ನಾಲ್ಕಾಣೆ ಕೊಟ್ಟು ನನ್ನನ್ನು ಎತ್ತಿ ಕರಡಿಯ ಬೆನ್ನ ಮೇಲೆ ಕೂರಿಸಿದಳು. ಆ ಕೂದಲು ಮೆತ್ತಗಿರಲಿಲ್ಲ, ತೆಂಗಿನ ನಾರಿನ ಹಾಗೆ ಚುಚ್ಚುತ್ತಿತ್ತು. ಕೆಳಗೆ ನೋಡಿದರೆ ಮೂತಿಯ ಮೂಲಕ ಹಾದುಹೋದ ಹಗ್ಗ, ಹಗ್ಗದ ಸುತ್ತ ನೊಣ. ಕರಡಿಯವನು ಎರಡು ಹೆಜ್ಜೆ ನಡೆಸಿದ. ಅಮ್ಮ ನನ್ನ ಒಣ ಕಾಲನ್ನು ಹಿಡಿದುಕೊಂಡೇ ಪಕ್ಕದಲ್ಲಿ ನಡೆದಳು. ತಾಯಿತವನ್ನು ಸೊಂಟದ ಉಡಿದಾರಕ್ಕೆ ಕಟ್ಟಿದರು, ಹೈಸ್ಕೂಲಿಗೆ ಹೋಗುವವರೆಗೂ ಇತ್ತು.

ಆ ಚಿತ್ರವನ್ನು ನಾನು ಎಲ್ಲಿಗೂ ಕಳಿಸಿಲ್ಲ. ಸ್ಪರ್ಧೆಗೆ ಕಳಿಸು ಅಂತ ತಂಗಿ ಮಗ ಹೇಳಿದ. ಅದು ಅಷ್ಟೇನೂ ಒಳ್ಳೆಯ ಚಿತ್ರವೂ ಅಲ್ಲ, ಎಡಗಡೆ ಜಾಲರಿಯ ತಂತಿ ಮಸುಕಾಗಿ ಬಂದಿದೆ.

ಈಗ ಕಬಿನಿಗೆ ಬರುತ್ತೇನೆ. ಕಬಿನಿಗೆ ಸ್ಕೂಟರಿನಲ್ಲಿ ಆಗುವುದಿಲ್ಲ, ಇನ್ನೂರು ಕಿಲೋಮೀಟರಿನ ಮೇಲೆ. ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ಬಿಡುವುದೂ ಇಲ್ಲ. ನನ್ನ ಗಾಡಿಗೆ ಎಣಿಸಿದರೆ ನಾಲ್ಕು ಚಕ್ರ, ಆದರೆ ಆ ವಾದವನ್ನು ಪೊಲೀಸರ ಮುಂದೆ ಮಂಡಿಸುವ ಧೈರ್ಯ ನನಗಿಲ್ಲ. ತಂಗಿ ಮಗನ ಕಾರೇ ಗತಿ. ಅವನಿಗೆ ಕಾಡಿಗಿಂತ ಮದ್ದೂರಿನ ವಡೆಯ ಮೇಲೆ ಪ್ರೀತಿ, ಹಾಗಾಗಿ ಕರೆದರೆ ಇಲ್ಲ ಅನ್ನುವುದಿಲ್ಲ.

ನಾಗರಹೊಳೆ 643 ಚದರ ಕಿಲೋಮೀಟರಿನ ಕಾಡು. ಅಷ್ಟು ದೊಡ್ಡ ಕಾಡು ನನಗೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ತೊಂದರೆ ಕೊಡುವುದು ಕಾರಿನಿಂದ ಜೀಪಿನ ಸೀಟಿನವರೆಗಿನ ಹತ್ತು ಹೆಜ್ಜೆ, ಅದರ ಕೊನೆಯಲ್ಲಿರುವ ಜೀಪಿನ ಮೆಟ್ಟಿಲು. ತೆರೆದ ಜೀಪು ಅಂದರೆ ಎತ್ತರ ಹೆಚ್ಚು, ಮೆಟ್ಟಿಲು ಇದ್ದರೂ ಅದು ಮೊಣಕಾಲಿನ ಮಟ್ಟಕ್ಕೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, ಕಟ್ಟಡಗಳಿಗೆ ಇಳಿಜಾರು ಬಂತು, ಕೆಲವು ಕಡೆ ಶೌಚಾಲಯಕ್ಕೆ ಹಿಡಿದುಕೊಳ್ಳುವ ಕಂಬಿ ಬಂತು. ಆದರೆ ಜೀಪಿನ ಮೆಟ್ಟಿಲಿನವರೆಗೆ ಯಾವ ಕಾಯ್ದೆಯ ಕೈ ಚಾಚೀತು?

ಒಂದು ಕಡೆ (ಊರು, ಹೆಸರು ಬೇಡ) ನಾನು ಮೆಟ್ಟಿಲಿನ ಮುಂದೆ ನಿಂತು ಹೇಗೆ ಹತ್ತುವುದು ಅಂತ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಇಬ್ಬರು ಬಂದು, ಕೇಳದೆ ಹೇಳದೆ, ಎರಡೂ ಕಂಕುಳಿಗೆ ಕೈ ಹಾಕಿ ಅಕ್ಕಿ ಮೂಟೆ ಎತ್ತಿದ ಹಾಗೆ ಎತ್ತಿ ಒಳಗೆ ಹಾಕಿದರು. ಕ್ಯಾಮೆರಾದ ಪಟ್ಟಿ ಜೀಪಿನ ಕಂಬಿಗೆ ಸಿಕ್ಕಿ ಲೆನ್ಸಿನ ಹುಡ್ ಎರಡು ತುಂಡು. ಭುಜ ಒಂದು ವಾರ ಮಿಸುಕಲಿಲ್ಲ. ಅವರ ಮುಖದಲ್ಲಿ ಪುಣ್ಯದ ಕೆಲಸ ಮಾಡಿದ ಕಳೆ. ಬೈಯಲು ಬಾಯಿ ಬರಲಿಲ್ಲ, ಥ್ಯಾಂಕ್ಸ್ ಅಂದೆ. ಇಂದಿಗೂ ಆ ಥ್ಯಾಂಕ್ಸ್ ಹೊಟ್ಟೆ ಉರಿಸುತ್ತದೆ.

ಆಮೇಲೆ ನಾನೇ ಒಂದು ಪದ್ಧತಿ ಮಾಡಿಕೊಂಡೆ. ಗಾಂಧಿಬಜಾರಿನಲ್ಲಿ ಸ್ನಾನಕ್ಕೆ ಕೂರುವ ಪ್ಲಾಸ್ಟಿಕ್ ಸ್ಟೂಲ್ ಕೊಂಡೆ, ನೀಲಿ ಬಣ್ಣದ್ದು, ಒಂದಡಿ ಎತ್ತರ. ತಳಕ್ಕೆ ಪಂಕ್ಚರ್ ಅಂಗಡಿಯಿಂದ ತಂದ ಸೈಕಲ್ ಟ್ಯೂಬಿನ ಚೂರು ಅಂಟಿಸಿದೆ, ಜಾರಬಾರದಲ್ಲ. ಮೊದಲು ಎರಡೂ ಊರುಗೋಲು ತಂಗಿ ಮಗನ ಕೈಗೆ. ಎರಡೂ ಕೈಯಲ್ಲಿ ಜೀಪಿನ ಕಂಬಿ. ಬಲಗಾಲು ಸ್ಟೂಲಿನ ಮೇಲೆ. ಹತ್ತುವಾಗ ಯಾವತ್ತೂ ಒಳ್ಳೇ ಕಾಲು ಮುಂದೆ, ಇಳಿಯುವಾಗ ಕೆಟ್ಟ ಕಾಲು ಮುಂದೆ. ಮೇಲೆ ಬಂದ ತಕ್ಷಣ ಬೆನ್ನು ತಿರುಗಿಸಿ ಜೀಪಿನ ನೆಲದ ಮೇಲೇ ಕೂತುಬಿಡುವುದು, ಆಮೇಲೆ ಕ್ಯಾಲಿಪರ್ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ತಗೊಳ್ಳುವುದು, ಅಲ್ಲಿಂದ ಸೀಟಿಗೆ. ನೋಡುವವರಿಗೆ ಚೆನ್ನಾಗಿ ಕಾಣುವುದಿಲ್ಲ. ನಾಲ್ಕು ನಿಮಿಷ ಹಿಡಿಯುತ್ತದೆ. ಯಾರಾದರೂ ಸಹಾಯಕ್ಕೆ ಬಂದರೆ "ಎತ್ತಬೇಡಿ, ಸ್ಟೂಲ್ ಅಲ್ಲಾಡದ ಹಾಗೆ ಹಿಡ್ಕೊಳ್ಳಿ" ಅನ್ನುತ್ತೇನೆ. ಕೆಲಸ ಹೇಳಿದರೆ ಜನಕ್ಕೂ ಸಮಾಧಾನ.

ಇನ್ನು ಕ್ಯಾಲಿಪರಿನ ಸದ್ದು. ಮೊಣಕಾಲಿನ ಎರಡೂ ಪಕ್ಕ ಒಂದೊಂದು ಉಕ್ಕಿನ ಬಳೆ ಇರುತ್ತದೆ. ನಿಂತು ಕಾಲು ನೆಟ್ಟಗೆ ಮಾಡಿದಾಗ ಬಳೆ ಕೆಳಗೆ ಜಾರಿ ಕೀಲನ್ನು ಬಂಧಿಸುತ್ತದೆ, ಟಕ್. ಕೂರಬೇಕಾದರೆ ಎರಡೂ ಬಳೆ ಮೇಲಕ್ಕೆತ್ತಿ ಬಿಡಿಸಬೇಕು, ಮತ್ತೆ ಟಕ್. ನನ್ನ ಕಿವಿಗೆ ಈ ಸದ್ದು ಕೇಳಿಸುವುದೇ ಇಲ್ಲ, ಉಸಿರಾಟದ ಹಾಗೆ. ಕಾಡಿನಲ್ಲಿ ಮೊದಲ ಸಲ ಜೀಪು ನಿಂತು, ಎಂಜಿನ್ ಆಫ್ ಮಾಡಿ, ಹತ್ತಿರದಲ್ಲೇ ಒಂದು ಹಿಂಡು ಚುಕ್ಕೆ ಜಿಂಕೆ ಮೇಯುತ್ತಿದ್ದಾಗ ನಾನು ಕಾಲು ಸರಿಮಾಡಿಕೊಂಡೆ. ಟಕ್. ಅಷ್ಟೂ ತಲೆ ಒಟ್ಟಿಗೆ ಮೇಲೆದ್ದು ನನ್ನ ಮೊಣಕಾಲನ್ನೇ ನೋಡಿದವು. ಮರುಗಳಿಗೆ ಬರೀ ಲಂಟಾನದ ಪೊದೆ. ಇಡೀ ಜೀಪು ನನ್ನ ಕಡೆ ತಿರುಗಿತು. ಈಗ ಸಫಾರಿಗೆ ಹೋಗುವ ಮೊದಲು ಬಳೆಗಳನ್ನು ಮೇಲಕ್ಕೆತ್ತಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯುತ್ತೇನೆ. ಒಂದು ಟ್ಯೂಬಿನಲ್ಲಿ ಸ್ಟೂಲೂ ಆಯಿತು, ಮೊಣಕಾಲೂ ಆಯಿತು.

ಕ್ಯಾಮೆರಾ ಇಡಲು ಒಂದು ದಿಂಬು ಬೇಕು. ಅಂಗಡಿಯಲ್ಲಿ ಬೀನ್ ಬ್ಯಾಗ್ ಅಂತ ಸಿಗುತ್ತದೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಹಳೇ ಜೀನ್ಸಿನ ಒಂದು ಕಾಲು ಕತ್ತರಿಸಿ ಎರಡೂ ಬದಿ ಹೊಲಿಸಿದೆ. ನನ್ನ ಜೀನ್ಸುಗಳ ಎಡಗಾಲು ಸವೆಯುವುದೇ ಬೇರೆ ರೀತಿ, ಕ್ಯಾಲಿಪರ್ ಉಜ್ಜಿ ತೂತು. ಅದಕ್ಕೇ ಬಲಗಾಲು ಬಳಸಿದೆ. ಮೊದಲು ಅಕ್ಕಿ ತುಂಬಿದೆ. ಮಳೆಗಾಲದಲ್ಲಿ ನುಸಿ ಹಿಡಿದು, ಒಂದು ದಿನ ಲೆನ್ಸಿನ ಮೇಲೆ ಹುಳ ಹರಿಯತೊಡಗಿತು. ಆಮೇಲೆ ಹೆಂಡತಿ ಹೇಳಿದಳು, ವರ್ಷಕ್ಕೆ ಬೇಕಾದ ಹುಣಸೆಹಣ್ಣು ಬಿಡಿಸಿ ಎಸೆಯುವ ಬೀಜ ಇದೆಯಲ್ಲ, ಅದನ್ನು ತುಂಬಿ ಅಂತ. ಇದಕ್ಕಿಂತ ಒಳ್ಳೆಯ ಉಪಾಯ ಯಾವ ಕ್ಯಾಮೆರಾ ಕಂಪನಿಯೂ ಕೊಟ್ಟಿಲ್ಲ. ಬೀಜ ನುಣುಪು, ಲೆನ್ಸನ್ನು ಒತ್ತಿದರೆ ಸರಿದು ಜಾಗ ಕೊಡುತ್ತದೆ, ಬಿಟ್ಟರೆ ಹಿಡಿದುಕೊಳ್ಳುತ್ತದೆ. ಎರಡು ಕೆಜಿ ಇದೆ, ಅದನ್ನು ಹೊರುವುದು ಮಾತ್ರ ತಂಗಿ ಮಗ. ಜೀಪಿನ ಕಂಬಿಯ ಮೇಲೆ ಅದನ್ನಿಟ್ಟರೆ ಕ್ಯಾಮೆರಾದ ಭಾರ ನನ್ನ ಭುಜಕ್ಕೆ ಸೊನ್ನೆ. ಜೀಪಿನಲ್ಲಿ ಮಕ್ಕಳು ಕುಣಿಯದಿದ್ದರೆ ಬಂಡೆಯ ಮೇಲಿಟ್ಟ ಹಾಗೆ ಇರುತ್ತದೆ.

ಏಪ್ರಿಲ್ ಸಂಜೆ, ಹೆಚ್ಚು ಕಡಿಮೆ ಆರು ಗಂಟೆ. ಹಿನ್ನೀರು ಇಳಿದು ಹುಲ್ಲು ಬಂದಿತ್ತು. 1974ರಲ್ಲಿ ಕಬಿನಿಗೆ ಅಣೆಕಟ್ಟು ಆದ ಮೇಲೆ ಪ್ರತಿ ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಜಾಗದಲ್ಲಿ ಹುಲ್ಲು ಚಿಗುರುತ್ತದೆ, ಒಣಗಿದ ಕಾಡಿನಿಂದ ಆನೆಗಳು ಅಲ್ಲಿಗೆ ಇಳಿದು ಬರುತ್ತವೆ. ಆನೆ ಸಾಕಷ್ಟು ನೋಡಿ ಹಿಂದಿರುಗುತ್ತಿದ್ದೆವು. ಮತ್ತಿ ಮರಗಳ ನಡುವೆ ಜೀಪು ತಟ್ಟನೆ ನಿಂತಿತು. "ಬಲಗಡೆ ಸಾ, ಬಲಗಡೆ, ಹುಲಿ" ಅಂದ ಡ್ರೈವರ್. ನಾನು ಕೂತದ್ದು ಎಡಗಡೆ.

ಎಲ್ಲರೂ ಎದ್ದು ನಿಂತರು. ಇಳಿಯೋ ಹಂಗಿಲ್ಲ ಅಂದಿದ್ದ, ನಿಲ್ಲೋ ಹಂಗಿಲ್ಲ ಅಂದಿರಲಿಲ್ಲ. ನನ್ನ ಕಣ್ಣಿನ ಮುಂದೆ ಇದ್ದದ್ದು ಹೈದರಾಬಾದಿನ ಯಜಮಾನರ ಬೆಲ್ಟು, ಅವರ ಮಗನ ಟೀಶರ್ಟಿನ ಬೆನ್ನು. ಬಳೆಗಳು ಟ್ಯೂಬಿನಲ್ಲಿ ಬಿಗಿದಿವೆ, ಬಿಚ್ಚಿ, ಕಾಲು ನೆಟ್ಟಗೆ ಮಾಡಿ, ಕಂಬಿ ಹಿಡಿದು ಏಳುವಷ್ಟರಲ್ಲಿ ಹುಲಿಯೇನು ಕಾಯುತ್ತದೆಯೇ? ಸಿಟ್ಟು ಬಂತು. ಅವರ ಮೇಲಲ್ಲ, ಕಾಲಿನ ಮೇಲೆ ಬಂತು. ವರ್ಷಕ್ಕೊಮ್ಮೆ ಬರುತ್ತದೆ, ಬಂದಾಗ ಜೋರಾಗಿ ಬರುತ್ತದೆ.

ಮುಖ ತಿರುಗಿಸಿ ಎಡಗಡೆ ನೋಡಿದೆ. ಹದಿನೈದು ಮಾರು ದೂರದಲ್ಲಿ ಒಂದು ಹೆಣ್ಣು ಕಡವೆ. ಅದಕ್ಕೆ ನಮ್ಮ ಪರಿವೆಯೇ ಇಲ್ಲ. ನಮ್ಮ ಜೀಪನ್ನು ದಾಟಿ, ಆಚೆ ಬದಿಯ ಹುಲಿಯ ಮೇಲೇ ಕಣ್ಣು. ಎರಡೂ ಕಿವಿ ತಟ್ಟೆಯ ಹಾಗೆ ಮುಂದಕ್ಕೆ ಅಗಲಿಸಿ, ಬಾಲ ಎತ್ತಿ ನಿಂತಿದೆ. ಮುಂಗಾಲು ಎತ್ತಿತು, ನೆಲಕ್ಕೆ ಬಡಿಯಿತು, ಮತ್ತೆ ಎತ್ತಿತು. ಆಮೇಲೆ ಕೂಗು. ಹತ್ತಿರದಿಂದ ಕೇಳಿದವರಿಗೆ ಗೊತ್ತು, ಹಳೇ ಲಾರಿಯ ಹಾರ್ನ್ ಒಂದೇ ಸಲ ಒತ್ತಿ ಬಿಟ್ಟ ಹಾಗಿರುತ್ತದೆ. ಮೇಲೆ ಎಲ್ಲೋ ಮುಸುವ ಒಂದು ಕೆಮ್ಮಿತು.

ದಿಂಬಿನ ಮೇಲೆ ಲೆನ್ಸು ಇತ್ತು, ತಿರುಗಿಸಿ ಒತ್ತಿದೆ. ಎಫ್ 8, ಐಎಸ್‌ಒ (ಬೆಳಕಿಗೆ ಸೆನ್ಸರಿನ ಚುರುಕು) 6400, ಶಟರ್ ತೆರೆದದ್ದು ಸೆಕೆಂಡಿನ 125ನೇ ಒಂದು ಭಾಗ. ಅಷ್ಟು ಬೆಳಕಿಗೆ ಅಷ್ಟೇ. ಹಿಂದೆ ಆರು ಜನ ಕುಣಿಯುತ್ತಿದ್ದರೆ ಹುಣಸೆ ಬೀಜ ತಾನೇ ಏನು ಮಾಡೀತು. ಹನ್ನೊಂದು ಚಿತ್ರದಲ್ಲಿ ಹತ್ತು ಅಲ್ಲಾಡಿವೆ. ಒಂದರಲ್ಲಿ ಕಣ್ಣು ಚೂಪಾಗಿ ಬಂದಿದೆ, ಎತ್ತಿದ ಗೊರಸು ಮಸುಕು. ಆ ಕಣ್ಣಲ್ಲಿ ಹುಲಿ ಕಾಣುತ್ತದೆಯೇ ಅಂತ ಮನೆಗೆ ಬಂದು ಎಷ್ಟು ದೊಡ್ಡದು ಮಾಡಿ ನೋಡಿದೆನೋ. ಕಾಣುವುದಿಲ್ಲ. ಜೀಪಿನ ಆಕಾರ ಇದೆ, ಅಷ್ಟೇ.

ಕಡವೆಯ ಚಿತ್ರ ಹುಲಿಯದ್ದಕ್ಕಿಂತ ಮೇಲು ಅಂತ ಎಲ್ಲರೂ ಸಮಾಧಾನ ಮಾಡುತ್ತಾರೆ. ಇರಬಹುದು. ಆದರೆ ನನಗೆ ಹುಲಿ ಬೇಕಿತ್ತು. ಈಗಲೂ ಬೇಕು. ಅದಕ್ಕೇ ಈಗ ಬುಕ್ ಮಾಡುವಾಗಲೇ ಫೋನ್ ಹಚ್ಚಿ ಡ್ರೈವರ್ ಪಕ್ಕದ ಸೀಟು ಕೇಳುತ್ತೇನೆ. ಅಲ್ಲಿ ಕಾಲು ಚಾಚಬಹುದು, ಎದುರಿಗೆ ಎದ್ದು ನಿಲ್ಲುವವರು ಯಾರೂ ಇರುವುದಿಲ್ಲ, ಕ್ಯಾಮೆರಾ ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇನ್ನಷ್ಟು ಹತ್ತಿರ ಇಳಿಯುತ್ತದೆ.

ಕಣ್ಣಿನ ಮಟ್ಟದ ಮಾತು ಬಂದದ್ದಕ್ಕೆ ಒಂದು ಗುಟ್ಟು. ಒಳ್ಳೆಯ ಚಿತ್ರ ಬೇಕಾದರೆ ನೆಲಕ್ಕೆ ಮಲಗಿ ತೆಗೆಯಿರಿ ಅಂತ ಎಲ್ಲ ಕ್ಯಾಮೆರಾ ಗುರುಗಳೂ ಹೇಳುತ್ತಾರೆ. ನಾನು ಮಲಗಿದರೆ ಎಬ್ಬಿಸಲು ಇಬ್ಬರು ಬೇಕು. ನನಗೆ ಆ ಮಟ್ಟ ಕೊಡುವುದು ದೋಣಿ. ರಂಗನತಿಟ್ಟು ನ್ಯಾಷನಲ್ ಪಾರ್ಕ್ ಅಲ್ಲ, ಪಕ್ಷಿಧಾಮ. 1940ರಿಂದ ಇದೆ, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ನಮ್ಮ ರಾಜ್ಯದಿಂದ ಮೊದಲನೆಯದು. ಅಲ್ಲಿನ ದೋಣಿಯಲ್ಲಿ ಕೂತರೆ ನೀರು ಕೈಗೆಟಕುವಷ್ಟು ಕೆಳಗೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ನಿಮ್ಮ ಮುಖದ ಮಟ್ಟಕ್ಕೆ ಇರುತ್ತದೆ. ಹುಟ್ಟು ಹಾಕುವವರಿಗೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತು. "ಇಂಗೆ ತಿರುಗುಸ್ತೀನಿ ತಾಳಿ ಸಾ, ಎದುರು ಬಿಸ್ಲು" ಅಂತ ಅವರೇ ದೋಣಿಯ ಮೂತಿ ತಿರುಗಿಸುತ್ತಾರೆ. ಹಾವಕ್ಕಿ ರೆಕ್ಕೆ ಒಣಗಿಸುವುದನ್ನು, ಚಮಚದ ಕೊಕ್ಕಿನ ಹಕ್ಕಿ ಕಡ್ಡಿ ಹೊತ್ತು ತರುವುದನ್ನು ಅಲ್ಲಿ ತೆಗೆದಷ್ಟು ಹತ್ತಿರದಿಂದ ನಾನು ಬೇರೆಲ್ಲೂ ತೆಗೆದಿಲ್ಲ.

ನಮ್ಮ ಬೆಂಗಳೂರಿನವರೇ ಆದ ವನ್ಯಜೀವಿ ಛಾಯಾಗ್ರಾಹಕರು ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಕಾಲದಲ್ಲಿ ಫಿಲ್ಮು, ಕೈಯಲ್ಲೇ ಫೋಕಸ್. ಮರೆ ಕಟ್ಟಿಕೊಂಡು ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಕೂತು ಕಾಯುವ ಪದ್ಧತಿ ಆಗ ಬಳಕೆಯಲ್ಲಿತ್ತು. ಪೆರುಮಾಳ್ 2017ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ನೋಡುವಾಗಲೆಲ್ಲ ನನಗೆ ಮೊದಲು ಕಾಣುವುದು ಹಕ್ಕಿಯಲ್ಲ, ಚೌಕಟ್ಟಿನಾಚೆ ಎಲ್ಲೋ ಕೂತಿರುವ ಮನುಷ್ಯ. ಈಗಿನವರು ಒಂದು ದಿನದಲ್ಲಿ ಮೂರು ಗೇಟು ಸುತ್ತಿ ಮೂರು ಸಾವಿರ ಫೋಟೋ ಹೊಡೆದು ಬರುತ್ತಾರೆ. ಹೊಡೆಯಲಿ ಬಿಡಿ.

ಕಡವೆ ಸಿಕ್ಕ ಆ ಸಲ ವಾಪಸು ಬರುವಾಗ ಮದ್ದೂರು ದಾಟಿದ ಮೇಲೆ ತಂಗಿ ಮಗ ಕೇಳಿದ, "ಮಾಮ, ಸ್ಟೂಲ್ ಎಲ್ಲಿ?" ಡಿಕ್ಕಿಯಲ್ಲಿ ಇರಲಿಲ್ಲ, ಹಿಂದಿನ ಸೀಟಿನ ಕೆಳಗೂ ಇರಲಿಲ್ಲ. ಮಾರನೇ ದಿನ ಜೀಪಿನ ಡ್ರೈವರ್ ಹುಡುಗನೇ ಫೋನ್ ಮಾಡಿದ.

"ಸಾ, ನಿಮ್ ನೀಲಿ ಸ್ಟೂಲ್ ಇಲ್ಲೇ ಅದೆ. ಬೆಳಗ್ಗೆ ಟ್ರಿಪ್‌ಗೆ ಒಬ್ರು ವಯಸ್ಸಾದ್ ಅಮ್ಮ ಬಂದಿದ್ರು, ಅದ್ರು ಮ್ಯಾಲೆ ಕಾಲಿಟ್ಟು ಹತ್ತುದ್ರು. ಬೆಂಗಳೂರ್ ಕಡೆ ಹೋಗೋ ಗಾಡಿಲಿ ಕಳುಸ್ಲಾ?"

"ಬೇಡಪ್ಪ, ಅಲ್ಲೇ ಇರ್ಲಿ" ಅಂದೆ.

ಶನಿವಾರ ಗಾಂಧಿಬಜಾರಿಗೆ ಹೋಗಿ ಇನ್ನೊಂದು ತಂದೆ. ನೀಲಿ ಸಿಗಲಿಲ್ಲ, ಇದು ಕೆಂಪು. ಟ್ಯೂಬು ಇನ್ನೂ ಅಂಟಿಸಬೇಕು.